ತೆಂಗಿನಮರದ ಕೆಳಗೊಂದು ಬಿಂದಿಗೆ

ರಾಮಾಂಜಿನಪ್ಪನ ಸಭೆಗೆ ಜನ ಸೇರುತ್ತಿಲ್ಲ ಎಂಬುದನ್ನು ಎಲ್ಲರಿಗಿಂತ ಮೊದಲು ಒಪ್ಪಿಕೊಂಡವಳು ಹನುಮಕ್ಕ. ಒಪ್ಪಿಕೊಂಡದ್ದು ಮನಸ್ಸಿನಲ್ಲಿ ಮಾತ್ರ. ಬಾಯಿಬಿಟ್ಟು ಹೇಳಿದರೆ ಎಲ್ಲಿ ನಿಜವಾಗಿಬಿಡುತ್ತದೋ ಎಂಬ ಭಯ ಅವಳಿಗೆ.

ಎಂಬತ್ತೈದನೇ ಇಸವಿಯ ಚುನಾವಣೆ ಹತ್ತಿರ ಬಂದಿತ್ತು. ಕೃಷ್ಣರಾಜ ಮಾರುಕಟ್ಟೆಯ ಬಳಿ ಸಭೆ. ಶಾಮಿಯಾನದವನು ಸಾಲಾಗಿ ಹಾಕಿದ್ದ ಕಬ್ಬಿಣದ ಕುರ್ಚಿಗಳಲ್ಲಿ ಅರ್ಧಕ್ಕರ್ಧ ಖಾಲಿ. ಕೂತವರಲ್ಲೂ ಸುಮಾರು ಮಂದಿ ತಲೆಹೊರೆ ಇಳಿಸಿ ಬೆನ್ನು ಆರಿಸಿಕೊಳ್ಳಲು ಬಂದ ಮಾರುಕಟ್ಟೆಯ ಕೂಲಿಗಳು. ಭಾಷಣ ಯಾರದಾದರೇನು, ಅವರಿಗೆ ಕುರ್ಚಿ ಸಿಕ್ಕರೆ ಸಾಕು. ವೇದಿಕೆಯ ಮೇಲೆ ರಾಮಾಂಜಿನಪ್ಪ ಕೈಬೀಸಿ, ಕಂಠ ಏರಿಸಿ, ಹಳೆಯ ಕಾಲದ ಹಾಗೆಯೇ ಮಾತನಾಡಿದ. ಚಪ್ಪಾಳೆ ಬರಬೇಕಾದ ಕಡೆ ನಿಲ್ಲಿಸಿದ. ಹನುಮಕ್ಕ ಒಬ್ಬಳೇ ಜೋರಾಗಿ ತಟ್ಟಿದಳು. ಅವಳ ಬಳೆಯ ಸದ್ದು ಮೈಕಿನಲ್ಲೂ ಕೇಳಿಸಿತಂತೆ.

ಸಭೆ ಮುಗಿದ ಮೇಲೆ ಅವನು ಕೆಳಗಿಳಿದು ಬಂದು, ಹೆಗಲ ಮೇಲಿನ ಶಲ್ಯದಿಂದ ಕತ್ತು ಒರೆಸಿಕೊಳ್ಳುತ್ತ ಮೆಲ್ಲಗೆ ಕೇಳಿದ.

"ಅಕ್ಕ, ಜನ ಸ್ವಲ್ಪ ಕಮ್ಮಿ ಅನ್ನಿಸ್ತಾ?"

"ಬಿಸಿಲು ಕಣೋ, ರಾಮಾಂಜಿ. ಬಿಸಿಲಿಗೆ ಯಾರು ಬರ್ತಾರೆ?"

"ಸಂಜೆ ಆರು ಗಂಟೆಗೆ ಎಂಥ ಬಿಸಿಲಕ್ಕ?"

ಹನುಮಕ್ಕನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಅದಕ್ಕೇ ಅಷ್ಟು ಕೆಟ್ಟದಾಗಿ ಹೇಳಿದ್ದಳು.

ಅವರಿಬ್ಬರೂ ಒಡಹುಟ್ಟಿದವರಲ್ಲ. ಇಪ್ಪತ್ತೈದು ವರ್ಷಗಳ ಹಿಂದೆ, ಹನುಮಕ್ಕ ಬಿನ್ನಿಪೇಟೆಯ ಕಡೆ ಗಿರಣಿಯಲ್ಲಿ ನೂಲು ಸುತ್ತುವ ಕೆಲಸದಲ್ಲಿದ್ದಾಗ, ಗೇಟಿನ ಹೊರಗೆ ಎಣ್ಣೆ ಡ್ರಮ್ಮೊಂದನ್ನು ಬೋರಲು ಹಾಕಿ ಅದರ ಮೇಲೆ ನಿಂತು ಕೂಗುತ್ತಿದ್ದ ಸಣಕಲು ಹುಡುಗ ರಾಮಾಂಜಿನಪ್ಪ. ದೇವನಹಳ್ಳಿ ಕಡೆಯ ಹೊಲಮನೆ ಬಿಟ್ಟು ಬಂದು ಸಂಘ ಕಟ್ಟುತ್ತೇನೆ ಎನ್ನುತ್ತಿದ್ದ. ಸಂಘ ಕಟ್ಟುವವನ ಹೊಟ್ಟೆ ಬೆನ್ನಿಗೆ ಅಂಟಿಕೊಂಡಿರುವುದನ್ನು ಕಂಡು ಹನುಮಕ್ಕ ತನ್ನ ಬುತ್ತಿಯಲ್ಲಿದ್ದ ಮುದ್ದೆಯಲ್ಲಿ ಅರ್ಧ ಮುರಿದು ಕೊಟ್ಟಳು. ಅಂದಿನಿಂದ ಅವಳು ಅಕ್ಕ. ಅವನು ಕಾರ್ಪೊರೇಷನ್ನಿಗೆ ನಿಂತ, ಶಾಸಕನಾದ, ಶ್ರಮಿಕ ಪಕ್ಷ ಎಂದು ತನ್ನದೇ ಪುಟ್ಟ ಪಕ್ಷ ಕಟ್ಟಿದ, ವಿಶಾಲಮ್ಮನನ್ನು ಮದುವೆಯಾಗಿ ಚಾಮರಾಜಪೇಟೆಯಲ್ಲಿ ಮನೆ ಮಾಡಿದ. ಎಲ್ಲಕ್ಕೂ ಹನುಮಕ್ಕ ಮುಂದೆ ನಿಂತವಳು. ಗಂಡ ತೀರಿಕೊಂಡು, ಮಕ್ಕಳಿಲ್ಲದ ಅವಳಿಗೆ ಅವನ ಚುನಾವಣೆಗಳೇ ಮನೆಯ ಶುಭಕಾರ್ಯಗಳು.

ಕೆಟ್ಟದ್ದು ಸಮ್ಮಿಶ್ರ ಸರ್ಕಾರದಿಂದ ಎಂದು ಹನುಮಕ್ಕನ ಗಟ್ಟಿ ಅಭಿಪ್ರಾಯ. ಎರಡು ವರ್ಷಗಳ ಹಿಂದೆ ದೊಡ್ಡ ಪಕ್ಷವೊಂದಕ್ಕೆ ನಾಲ್ಕೈದು ಶಾಸಕರು ಕಡಿಮೆ ಬಿದ್ದರು. ರಾಮಾಂಜಿನಪ್ಪನ ಬಳಿ ಸರಿಯಾಗಿ ಅಷ್ಟೇ ಮಂದಿ ಇದ್ದರು. ಅವನು ಮಂತ್ರಿಯಾದ. ಹನುಮಕ್ಕನಿದ್ದ ಗಿರಣಿ ಕೆಲಸಗಾರರ ಓಣಿಯಲ್ಲಿ ಪಟಾಕಿ ಹೊಡೆದರು. ಆಮೇಲೆ ಬಸ್ಸಿನ ದರ ಏರಿತು, ಸೀಮೆಎಣ್ಣೆ ಕ್ಯೂ ಉದ್ದವಾಯಿತು. ಡ್ರಮ್ಮಿನ ಮೇಲೆ ನಿಂತು ಕೂಗಬೇಕಾದವನು ವಿಧಾನಸೌಧದಲ್ಲಿ ಬಾಯಿ ಮುಚ್ಚಿಕೊಂಡು ಕೂತ. ಯಾಕಪ್ಪಾ ಎಂದು ಕೇಳಿದರೆ "ಮೈತ್ರಿ ಧರ್ಮ ಅಕ್ಕ" ಎನ್ನುತ್ತಿದ್ದ. ಈ ಮೈತ್ರಿ ಧರ್ಮ ಯಾವ ಮಠದವರದೋ ಹನುಮಕ್ಕನಿಗೆ ತಿಳಿಯದು. ಅದನ್ನು ಹಿಡಿದ ಮೇಲೆ ಅವನು ಓಣಿಗೆ ಬರುವುದನ್ನು ಬಿಟ್ಟ ಎಂಬುದು ಮಾತ್ರ ಚೆನ್ನಾಗಿ ತಿಳಿದಿತ್ತು. ಓಣಿಯ ತುದಿಗೆ ಸರ್ಕಾರಿ ಕಾರು ತಿರುಗುವುದಿಲ್ಲ ಎಂದು ಡ್ರೈವರ್ ಹೇಳಿದ್ದನಂತೆ. ಇಳಿದು ನಡೆಯಬಹುದಿತ್ತಲ್ಲ ಎಂದು ಯಾರೂ ಹೇಳಲಿಲ್ಲ.

ಅದಕ್ಕಿಂತ ದೊಡ್ಡ ಪೆಟ್ಟು ಸೀಟು ಹಂಚಿಕೆಯ ದಿನ ಬಿತ್ತು. ಸುದ್ದಿ ತಂದವನು ಕಾಳಪ್ಪ. ಈ ಕಾಳಪ್ಪ ಪಕ್ಷದ ಕಾರ್ಯದರ್ಶಿಯೂ ಹೌದು, ತನ್ನ ಆಟೋಗೆ ಮೈಕು ಕಟ್ಟಿಕೊಂಡು ಪ್ರಚಾರ ಮಾಡುವವನೂ ಅವನೇ.

"ಅಕ್ಕ, ಈ ಸಲ ನಮ್ಮ ಬಿಂದಿಗೆ ಇಲ್ವಂತೆ. ದೊಡ್ಡ ಪಕ್ಷದೋರು ಅವರ ಚಿಹ್ನೇಲೇ ನಿಲ್ಲಬೇಕು ಅಂದ್ರಂತೆ. ತೆಂಗಿನಮರ."

ಹನುಮಕ್ಕ ಸೆರಗು ಬಿಗಿದುಕೊಂಡು ಚಾಮರಾಜಪೇಟೆಗೆ ನಡೆದೇ ಹೋದಳು. ರಾಮಾಂಜಿನಪ್ಪ ಊಟಕ್ಕೆ ಕೂತಿದ್ದ. ವಿಶಾಲಮ್ಮ ಇನ್ನೊಂದು ತಟ್ಟೆ ಇಡಲು ಹೋದವಳು ಹನುಮಕ್ಕನ ಮುಖ ನೋಡಿ ಒಳಗೇ ನಿಂತಳು.

"ಬಿಂದಿಗೆ ಬಿಟ್ಯಂತೆ?"

"ಅಕ್ಕ, ಕೂತ್ಕೊ. ಸಮಾಧಾನವಾಗಿ ಕೇಳು. ಮೈತ್ರಿ ಧರ್ಮ—"

"ನಿನ್ನ ಧರ್ಮಕ್ಕೆ ಬೆಂಕಿ ಹಾಕ! ಆ ಹೆಂಗಸರಿಗೆ ಅಕ್ಷರ ಬರಲ್ಲ ಕಣೋ. ಇಪ್ಪತ್ತು ವರ್ಷದಿಂದ ನಲ್ಲಿ ಹತ್ತಿರ ನಿಂತು ಬಿಂದಿಗೆ ತೋರಿಸಿ ತೋರಿಸಿ ಹೇಳ್ಕೊಟ್ಟಿದೀನಿ. ಈಗ ಹೋಗಿ ಮರ ಅನ್ಲಾ?"

ರಾಮಾಂಜಿನಪ್ಪ ನಕ್ಕ. ಅವನ ನಗೆ ಈಗಲೂ ಚೆನ್ನಾಗಿತ್ತು. ಅದನ್ನು ಕಂಡರೆ ಅವಳ ಅರ್ಧ ಕೋಪ ಇಳಿದುಹೋಗುತ್ತಿತ್ತು. "ಜನ ನನ್ನ ಮುಖ ನೋಡಿ ಓಟು ಹಾಕ್ತಾರೆ ಅಕ್ಕ, ಚಿಹ್ನೆ ನೋಡಿ ಅಲ್ಲ" ಎಂದ. ಆಮೇಲೆ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿ, ತಲೆ ಎತ್ತದೆ, "ನೋಡ್ತಾರೆ ಅಲ್ವಾ? ಈಗ್ಲೂ?" ಎಂದು ಕೇಳಿದ.

ಮಂತ್ರಿಯಾದವನು ಅನ್ನದ ತಟ್ಟೆಯ ಮುಂದೆ ಕೂತು ಇದನ್ನು ಕೇಳಬೇಕೆ? ಅವನಿಗೆ ಬೇಕಾದದ್ದು ಸೀಟಲ್ಲ, ಕಾರಲ್ಲ. ತಾನು ಅವರವನೇ ಎಂದು ಆ ಓಣಿ ಇನ್ನೊಂದು ಸಲ ಹೇಳಬೇಕು, ಅಷ್ಟೆ ಎಂಬುದು ಅವಳಿಗೆ ಅರ್ಥವಾಯಿತು.

"ನಮ್ಮ ಓಣಿ ಹೆಂಗಸರು ಒಬ್ಬರೂ ತಪ್ಪಲ್ಲ. ಅದಕ್ಕೆ ನಾನು ಜವಾಬ್ದಾರಿ" ಎಂದುಬಿಟ್ಟಳು.

ಹೇಳಿದ ಮೇಲೆ ಮಾಡಬೇಕು. ಅವಳ ಕೆಲಸದ ರೀತಿಯೇ ಬೇರೆ. ಕರಪತ್ರ, ಬ್ಯಾನರು ಎಲ್ಲ ಗಂಡಸರ ಪಾಲು. ಹನುಮಕ್ಕನದು ರಂಗೋಲಿ. ಚುನಾವಣೆ ಬಂತೆಂದರೆ ಓಣಿಯ ಪ್ರತಿ ಹೊಸ್ತಿಲ ಮುಂದೆ ಹೆಂಗಸರು ಬಿಂದಿಗೆ ಬರೆಯುವುದು ಅವಳು ಮಾಡಿಸಿದ ಪದ್ಧತಿ. ದಿನಾ ಬೆಳಗ್ಗೆ ಕೈಯಲ್ಲಿ ಬರೆದದ್ದನ್ನು ಮತಗಟ್ಟೆಯಲ್ಲಿ ಕಣ್ಣು ಗುರುತಿಸದೆ ಇರುತ್ತದೆಯೇ? ಇಷ್ಟು ಸಲವೂ ಗುರುತಿಸಿತ್ತು.

ಈ ಸಲ ತೆಂಗಿನಮರ ಬರೆಯುವುದನ್ನು ಕಲಿಸಲು ಹೊರಟಳು. ಮನೆ ಮನೆಯ ಮುಂದೆ ಕೂತು, ಉದ್ದ ಕಾಂಡ ಎಳೆದು, ಮೇಲೆ ಗರಿ ಬಿಡಿಸಿ, ಎರಡು ಕಾಯಿ ಚುಕ್ಕಿ ಇಟ್ಟು ತೋರಿಸಿದಳು. "ಇದೇ ನಮ್ಮ ರಾಮಾಂಜಿ, ನೆನಪಿರಲಿ." ವಯಸ್ಸಿನ ಹುಡುಗಿಯರು ಮುಖ ತಿರುಗಿಸಿದರು. ಗಿರಣಿಯಲ್ಲಿ ಕೆಲಸ ಸಿಗದ ಅವರ ಗಂಡಂದಿರು "ಮಂತ್ರಿಗಳು ನಮ್ಮ ಓಣಿ ಎಲ್ಲಿದೆ ಅಂತ ಮ್ಯಾಪು ನೋಡ್ತಿದಾರಾ ಹನುಮಕ್ಕ?" ಎಂದು ಹಂಗಿಸಿದರು. ಅವರ ಓಟು ಹೋಯಿತು ಎಂದು ಅವಳಿಗೆ ಅಂದೇ ಗೊತ್ತಾಯಿತು. ಉಳಿದವರು ಹಳೆಯ ಹೆಂಗಸರು. ಅವರಲ್ಲಿ ಹಿರಿಯಳು ಸಿದ್ದಮ್ಮ. ಅರ್ಧ ಕಣ್ಣು ಮಂಜು, ಪೂರ್ತಿ ನಾಲಿಗೆ ಚುರುಕು.

ಮಾರನೆಯ ದಿನ ಸಿದ್ದಮ್ಮನ ಬಾಗಿಲಲ್ಲಿ ತೆಂಗಿನಮರ ಬಂದಿತ್ತು. ಅದರ ಬುಡದಲ್ಲಿ ಪುಟ್ಟದಾಗಿ ಒಂದು ಬಿಂದಿಗೆ.

"ಇದೇನು ಸಿದ್ದವ್ವ, ಬಿಂದಿಗೆ ಯಾಕೆ?"

"ಮರಕ್ಕೆ ನೀರು ಹಾಕೋದು ಬ್ಯಾಡ್ವೇನೇ? ಒಣಗೋಗುತ್ತೆ."

ಹನುಮಕ್ಕ ನಗುತ್ತ ಅಲ್ಲೇ ಕೂತುಬಿಟ್ಟಳು. ಅಳಿಸು ಎನ್ನಬೇಕಿತ್ತು. ಆ ಪುಟ್ಟ ಬಿಂದಿಗೆ ಎಷ್ಟು ಮುದ್ದಾಗಿತ್ತೆಂದರೆ ಕೈ ಬರಲಿಲ್ಲ. ಆ ವಾರದೊಳಗೆ ಓಣಿಯಲ್ಲೆಲ್ಲ ಮರದ ಕೆಳಗೆ ಬಿಂದಿಗೆ ಬಂತು. ದಿನ ಕಳೆದಂತೆ ಮರ ಚಿಕ್ಕದಾಗುತ್ತ, ಬಿಂದಿಗೆ ದೊಡ್ಡದಾಗುತ್ತ ಹೋದದ್ದನ್ನೂ ಅವಳು ನೋಡಿದಳು. ಕಾರು ಓಣಿಯ ಬಾಯಲ್ಲೇ ನಿಲ್ಲಿಸಿ ಒಂದು ಸಂಜೆ ಐದು ನಿಮಿಷ ಬಂದುಹೋದ ರಾಮಾಂಜಿನಪ್ಪನಂತೂ ರಂಗೋಲಿ ಕಂಡು ಉಬ್ಬಿಹೋದ. "ನೋಡಕ್ಕ, ಎರಡು ಪಕ್ಷಗಳ ಮೈತ್ರೀನ ಎಷ್ಟು ಚೆನ್ನಾಗಿ ಬರೆದಿದಾರೆ!" ಎಂದ. ರಾಜಕೀಯದವರಿಗೆ ಎಲ್ಲದರಲ್ಲೂ ರಾಜಕೀಯವೇ ಕಾಣುತ್ತದೆ, ಏನು ಮಾಡಲಾದೀತು?

ಬಿಂದಿಗೆ ಚಿಹ್ನೆ ಖಾಲಿ ಉಳಿದದ್ದನ್ನು ಚುನಾವಣಾಧಿಕಾರಿಗಳು ಪಕ್ಷೇತರ ಅಭ್ಯರ್ಥಿ ನಂಜುಂಡಯ್ಯನವರಿಗೆ ಕೊಟ್ಟಿದ್ದರು. ಇದೂ ಪಕ್ಷದವರಿಗೆಲ್ಲ ಗೊತ್ತಿತ್ತು. ಗೊತ್ತಿದ್ದು ನಕ್ಕಿದ್ದರು. ಏಕೆಂದರೆ ಬಸವನಗುಡಿಯಲ್ಲಿ ಟೈಪಿಂಗ್ ಶಾಲೆ ಇಟ್ಟಿದ್ದ ನಂಜುಂಡಯ್ಯನವರು ಪ್ರತಿ ಚುನಾವಣೆಗೂ ಕರಿಕೋಟು ಹಾಕಿ ನಿಲ್ಲುವವರು, ಪ್ರತಿ ಸಲವೂ ಠೇವಣಿ ಕಳೆದುಕೊಳ್ಳುವವರು. ಬೆಂಗಳೂರಿನ ಸಾರ್ವಜನಿಕ ಗಡಿಯಾರಗಳೆಲ್ಲ ಒಂದೇ ಸಮಯ ತೋರಿಸಬೇಕು ಎಂಬುದು ಅವರ ಏಕೈಕ ಬೇಡಿಕೆ. ಅವರು ಯಾರ ಮನೆಗೂ ಹೋಗಿ ಓಟು ಕೇಳಿದವರಲ್ಲ, ಕೇಳುವುದು ಸಂಕೋಚವಂತೆ.

ಮತದಾನದ ದಿನ ಬೆಳಗ್ಗೆ ಹನುಮಕ್ಕ ತಲೆಗೆ ನೀರು ಹಾಕಿಕೊಂಡು, ಹೂ ಮುಡಿಯುವ ಮನೆಗಳಿಗೆ ಹೂ ಹಂಚಿ, ಬಾಗಿಲು ಬಾಗಿಲಿಗೆ ನಿಂತು ಕರೆದಳು. ಹಳೆಯ ಹೆಂಗಸರು ಒಬ್ಬರೂ ತಪ್ಪದೆ ಬಂದರು. ಸಿದ್ದಮ್ಮನ ಕೈ ಹಿಡಿದುಕೊಂಡು ಹನುಮಕ್ಕ ಮುಂದೆ. ಹಿಂದೆ ಬಣ್ಣ ಬಣ್ಣದ ಸೀರೆಗಳ ಸಾಲು. ಶಾಲೆಯ ಮುಂದೆ ನಿಂತ ಎದುರು ಪಕ್ಷದ ಹುಡುಗರೂ ದಾರಿಬಿಟ್ಟರು. ಅವಳಿಗೆ ಎದೆ ತುಂಬಿ ಬಂತು. ಗೆದ್ದೆವು ಎಂದೇ ಅಂದುಕೊಂಡಳು.

ರಟ್ಟಿನ ಮರೆಯೊಳಗೆ ಹೋಗಿ ಮತಪತ್ರ ಬಿಡಿಸಿದಳು. ಉದ್ದ ಕಾಗದ, ಹೆಸರುಗಳ ಪಕ್ಕ ಚಿತ್ರಗಳು. ಮೊಹರನ್ನು ಶಾಯಿಗೆ ಅದ್ದಿ ಒತ್ತಿದಳು. ಒತ್ತಿ, ಆರಲೆಂದು ಊದಿ, ಮಡಚುವ ಮುಂಚೆ ಒಂದು ಸಲ ನೋಡಿದಳು.

ಗುರುತು ಬಿಂದಿಗೆಯ ಮೇಲೆ ಬಿದ್ದಿತ್ತು.

ಅವಳು ಮರವನ್ನು ಹುಡುಕಿರಲೇ ಇಲ್ಲ. ಕೈ ತನ್ನಷ್ಟಕ್ಕೆ, ಇಪ್ಪತ್ತು ವರ್ಷ ಹೋದ ಕಡೆಗೇ ಹೋಗಿತ್ತು. "ಬೇಗ ಬನ್ನಿ ಅಮ್ಮ" ಎಂದು ಅಧಿಕಾರಿ ಕೂಗಿದ. ಅವಳು ಕಾಗದ ಮಡಚಿ ಪೆಟ್ಟಿಗೆಗೆ ಹಾಕಿದಳು. ಹೊರಗೆ ಬಂದರೆ ಬೇವಿನ ನೆರಳಲ್ಲಿ ಸಾಲು ಇನ್ನೂ ಇತ್ತು. ಕಲಿಸಿದ ತಾನೇ ಹೀಗೆ ಮಾಡಿದ ಮೇಲೆ ಕಲಿತವರ ಗತಿಯೇನು? ಒಬ್ಬೊಬ್ಬರ ಕಿವಿಯಲ್ಲೂ ಮರ, ಮರ ಎಂದು ಹೇಳಬೇಕೆನ್ನಿಸಿತು. ಬಾಗಿಲಲ್ಲಿ ಪೊಲೀಸು ನಿಂತಿದ್ದ. ಅಷ್ಟರಲ್ಲಿ ಸಿದ್ದಮ್ಮ ಒಳಗಿನಿಂದ ಬೆರಳಿನ ಶಾಯಿ ತೋರಿಸುತ್ತ, ಇದ್ದೆರಡು ಹಲ್ಲು ಬಿಟ್ಟು ನಗುತ್ತ ಬಂದಳು. ಯಾವುದಕ್ಕೆ ಹಾಕಿದೆ ಎಂದು ಕೇಳುವ ಧೈರ್ಯ ಹನುಮಕ್ಕನಿಗೆ ಬರಲಿಲ್ಲ.

ಎಣಿಕೆಯ ದಿನ ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದಿತ್ತು. ಹನುಮಕ್ಕ ಚಾಮರಾಜಪೇಟೆಗೆ ಬಂದಾಗ ಮನೆಯ ಮುಂದೆ ಸರ್ಕಾರಿ ಕಾರು ಇರಲಿಲ್ಲ. ವಿಜಯೋತ್ಸವಕ್ಕೆಂದು ತರಿಸಿದ್ದ ಕುರ್ಚಿಗಳನ್ನು ಶಾಮಿಯಾನದವನು ಒಂದರ ಮೇಲೊಂದು ಪೇರಿಸುತ್ತಿದ್ದ. ಅಭಿಮಾನಿಗಳು ಎಂದು ನಿನ್ನೆಯವರೆಗೆ ವರಾಂಡ ತುಂಬಿಸಿದ್ದವರಲ್ಲಿ ಒಬ್ಬನೂ ಕಾಣಲಿಲ್ಲ. ರಾಮಾಂಜಿನಪ್ಪ ನಡುಮನೆಯ ನೆಲದ ಮೇಲೆ ಗೋಡೆಗೊರಗಿ ಕೂತಿದ್ದ. ಬನಿಯನ್ನಿನಲ್ಲಿದ್ದ. ಅವನ ಭುಜ ಇಷ್ಟು ಸಣ್ಣದೆ ಎಂದು ಹನುಮಕ್ಕನಿಗೆ ಆಶ್ಚರ್ಯವಾಯಿತು.

"ಬಾ ಅಕ್ಕ. ನೋಡ್ದ್ಯಾ, ಜನಕ್ಕೆ ನಾನು ಬೇಡವಾದೆ. ಒಂದೇ ಒಂದು ಸಲ ಕೈಹಿಡೀತಾರೆ ಅಂದ್ಕೊಂಡಿದ್ದೆ. ಇನ್ನು ಆ ಓಣಿ ಕಡೆ ಕಾಲಿಡಲ್ಲ. ವಿಶಾಲು ತೌರಿನ ಕಡೆ ಕೋಲಾರದಲ್ಲಿ ಜಮೀನಿದೆ, ಅಲ್ಲಿಗೆ ಹೋಗಿಬಿಡ್ತೀವಿ."

ವಿಶಾಲಮ್ಮ ಬಾಗಿಲ ಬಳಿ ಸೆರಗಿನಿಂದ ಕಣ್ಣೊತ್ತಿಕೊಂಡಳು. ಎಣಿಕೆಯ ಟೇಬಲ್ಲಿನಲ್ಲಿ ಕೂತು ಬಂದಿದ್ದ ಕಾಳಪ್ಪ ಮೂಲೆಯಲ್ಲಿ ಕೈ ಹಿಸುಕಿಕೊಳ್ಳುತ್ತಿದ್ದ. ತಡೆಯಲಾರದೆ ಬಾಯಿಬಿಟ್ಟ.

"ಬೇಡವಾಗಿಲ್ಲ ಸಾರ್. ಬಿಂದಿಗೆಗೆ ಬಿದ್ದಿದಾವೆ. ನಾವು ಸೋತ ಅಂತರದ ಎರಡರಷ್ಟು ಓಟು ಆ ನಂಜುಂಡಯ್ಯಂಗೆ! ಆ ಮನುಷ್ಯ ಹೆದರಿ ಬೆವೆತುಹೋಗಿದಾರೆ. ನನ್ನ ಕೈ ಹಿಡ್ಕೊಂಡು, 'ಜನರಿಗೆ ಗಡಿಯಾರದ ಬಗ್ಗೆ ಇಷ್ಟು ಕಾಳಜಿ ಇದೆ ಅಂತ ನಂಗೇ ಗೊತ್ತಿರಲಿಲ್ಲಪ್ಪ' ಅಂದ್ರು."

ರಾಮಾಂಜಿನಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದದ್ದೇ ತಡ, ಮುಖ ಕೆಂಪಗಾಯಿತು.

"ದಡ್ಡ ಮುಂಡೇವು! ಊರೆಲ್ಲ ತಿರುಗಿ ತೆಂಗಿನಮರ ತೆಂಗಿನಮರ ಅಂತ ಗಂಟಲು ಹರ್ಕೊಂಡೆ. ಚಿತ್ರ ನೋಡೋಕೂ ಬರಲ್ವಾ ಈ ಜನಕ್ಕೆ?"

"ಬಾಯಿ ಮುಚ್ಚೋ" ಎಂದಳು ಹನುಮಕ್ಕ.

ಅವಳು ಅವನನ್ನು ಎಷ್ಟೋ ಸಲ ಬೈದಿದ್ದಳು, ಈ ದನಿಯಲ್ಲಿ ಬೈದಿರಲಿಲ್ಲ. ಕಾಳಪ್ಪ ತಲೆ ತಗ್ಗಿಸಿದ.

"ನಾನೂ ಬಿಂದಿಗೆಗೇ ಒತ್ತಿದೆ. ನಾನು ದಡ್ಡಿನಾ? ಹೇಳು. ಕಣ್ಣಲ್ಲಿ ನೋಡಿ ಒತ್ತಿದ್ರೆ ಮರ ಕಾಣ್ತಿತ್ತೇನೋ. ನಿನ್ನ ನೆನೆಸ್ಕೊಂಡು ಒತ್ತಿದೆ ಕಣೋ, ಅದಕ್ಕೇ ಕೈ ಅಲ್ಲಿಗೆ ಹೋಯ್ತು."

ಇಷ್ಟು ಹೇಳುವಷ್ಟರಲ್ಲಿ ಅವಳು ಅತ್ತಳು. ಗಂಡ ಸತ್ತಾಗ ಅತ್ತದ್ದು ಬಿಟ್ಟರೆ ಇನ್ನೊಬ್ಬರ ಎದುರು ಅತ್ತದ್ದು ಇದೇ ಮೊದಲು. ರಾಮಾಂಜಿನಪ್ಪ ಅವಳನ್ನೇ ನೋಡುತ್ತ ಕೂತ.

ಅಷ್ಟರಲ್ಲಿ ಹೊರಗೆ ಗದ್ದಲ. ಪೇರಿಸಿದ ಕುರ್ಚಿಗಳನ್ನು ಬಳಸಿಕೊಂಡು ಸಿದ್ದಮ್ಮ ಬಂದಳು. ಹಿಂದೆ ಓಣಿಯ ಆರೇಳು ಹೆಂಗಸರು. ಒಬ್ಬಳ ಕೈಯಲ್ಲಿ ಆರತಿ ತಟ್ಟೆ. ಬಿಂದಿಗೆಗೆ ರಾಶಿ ರಾಶಿ ಓಟು ಬಿದ್ದಿದೆಯಂತೆ ಎಂಬ ಸುದ್ದಿ ಓಣಿಗೆ ಮುಟ್ಟಿತ್ತು. ಅಷ್ಟು ಮಾತ್ರವೇ ಮುಟ್ಟಿತ್ತು.

"ಎಲ್ಲವನೇ ನನ್ನ ಮಗ?" ಎಂದು ಸಿದ್ದಮ್ಮ ಕೈಯಾಡಿಸುತ್ತ ಬಂದು ಅವನ ತಲೆ ಹಿಡಿದಳು. "ಏನೇನೋ ಮರ ಗಿಡ ತೋರ್ಸಿ ನಮ್ಮನ್ನ ಏಮಾರ್ಸಕ್ಕೆ ನೋಡಿದ್ರು ಕಣಪ್ಪಾ. ಪಾಪ, ಈ ಹನುಮೀನೂ ಅವರ ಮಾತಿಗೆ ಬಿದ್ದು ಮರ ಬರ್ಸಕ್ಕೆ ಬಂದ್ಲು. ನಾವು ಬಿಡ್ತೀವಾ? ಬಿಂದಿಗೆ ಬಿಟ್ಟು ಅತ್ತಿತ್ತ ನೋಡ್ಲಿಲ್ಲ. ನಿನಗೇ ಹಾಕಿದ್ವಿ."

ಆರತಿ ಎತ್ತಿದರು. ರಾಮಾಂಜಿನಪ್ಪ ಎದ್ದು ನಿಂತಿದ್ದ. ಬನಿಯನ್ನಿನಲ್ಲೇ ಆರತಿ ಮಾಡಿಸಿಕೊಂಡ. ಹಣೆಗೆ ಕುಂಕುಮ ಬಿತ್ತು.

"ಅವ್ವ, ಎರಡು ವರ್ಷ ನಾನು ನಿಮ್ಮ ಕಷ್ಟಕ್ಕೆ ಬರ್ಲೇ ಇಲ್ವಲ್ಲ. ಕೋಪ ಇಲ್ವಾ?"

"ಇಲ್ದೆ ಏನು? ಕೈಗೆ ಸಿಕ್ಕಿದ್ರೆ ಪೊರಕೆ ತಗೋತಿದ್ದೆ. ಅದಕ್ಕೂ ಓಟಿಗೂ ಏನು ಸಂಬಂಧ?"

ಹನುಮಕ್ಕ ಕಣ್ಣೊರೆಸಿಕೊಂಡು ಅವನ ಮುಖವನ್ನೇ ನೋಡಿದಳು. ಹೌದು ಅವ್ವ, ಗೆದ್ದೆ ಎಂದುಬಿಡುತ್ತಾನೇನೋ ಎಂದುಕೊಂಡಳು. ಇಲ್ಲವೆ, ನೀವೇ ನನ್ನನ್ನು ಸೋಲಿಸಿದಿರಿ ಎಂದು ಹೇಳಿಬಿಡುತ್ತಾನೇನೋ ಎಂದು ಹೆದರಿದಳು. ಅವನು ಎರಡನ್ನೂ ಹೇಳಲಿಲ್ಲ.

"ನಾನು ಸೋತೋದೆ ಅವ್ವ" ಎಂದ.

ಆರತಿ ತಟ್ಟೆ ಹಿಡಿದವಳ ಕೈ ಅಲ್ಲೇ ನಿಂತಿತು. ಸಿದ್ದಮ್ಮ ಮಂಜುಗಣ್ಣು ಕಿರಿದು ಮಾಡಿ ಅವನನ್ನು ನೋಡಿದಳು.

"ಅದೆಂಗೆ ಸೋತೆ? ನಾವೆಲ್ಲ ಹಾಕಿದ್ವಲ್ಲ? ನಾವೇನಾದ್ರೂ ತಪ್ಪು ಹಾಕಿದ್ವಾ?"

ಕಾಳಪ್ಪ ಏನೋ ಹೇಳಲು ಬಾಯಿ ತೆರೆದ. ರಾಮಾಂಜಿನಪ್ಪ ಕೈ ಅಡ್ಡ ಹಿಡಿದು ಅವನನ್ನು ತಡೆದ. ಹನುಮಕ್ಕನ ಕಡೆ ಒಮ್ಮೆ ನೋಡಿ, ಮುದುಕಿಯ ಎರಡೂ ಕೈಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡ.

"ಇಲ್ಲ ಅವ್ವ. ನೀವು ಸರಿಯಾಗೇ ಹಾಕಿದ್ರಿ. ನಾನೇ ಬೇರೆ ಕಡೆ ಹೋಗಿ ನಿಂತ್ಕೊಂಡಿದ್ದೆ."

ಸಿದ್ದಮ್ಮ ಕೈ ಬಿಡಿಸಿಕೊಂಡು ಅವನ ತೋಳು ಹಿಡಿದೆಳೆದಳು.

"ಹಂಗಾದ್ರೆ ಈಗ ಬಾ. ಮೋರಿ ಕಟ್ಕೊಂಡು ಓಣಿಯೆಲ್ಲ ನಾರ್ತಿದೆ, ಹೇಳಕ್ಕೆ ಒಬ್ಬ ಮನುಷ್ಯ ಇಲ್ಲ."

"ಅಂಗಿ ಹಾಕ್ಕೊಂಡು ಬಂದೆ ಇರಿ" ಎಂದು ರಾಮಾಂಜಿನಪ್ಪ ಒಳಗೆ ಹೋದ. ಅಂಗಿಯ ಗುಂಡಿ ಹಾಕುತ್ತಲೇ ಹೊರಗೆ ಬಂದು, ಹೆಂಗಸರ ಚಪ್ಪಲಿಗಳ ನಡುವೆ ತನ್ನವನ್ನು ಹುಡುಕಿ ಮೆಟ್ಟಿಕೊಂಡು, ಹನುಮಕ್ಕ ಇಳಿಯಲೆಂದು ಮೆಟ್ಟಿಲ ಬಳಿ ಕೈ ಚಾಚಿ ನಿಂತ.